ಹಾಲು ನಿಂತ ಬೆಳಗ್ಗೆ

ತಿಪಟೂರಿನಲ್ಲಿ ಕೊಬ್ಬರಿ ಮಂಡಿಯೊಂದರ ಮಹಡಿ ಮೇಲೆ ನಮ್ಮ ಆಫೀಸು. ಮಾಲೀಕರನ್ನೂ ಸೇರಿಸಿ ಮೂರೇ ಜನ. ಒಂದು ಖಾಸಗಿ ಡೇರಿಗೆ ಸಾಫ್ಟ್‌ವೇರ್ ಬರೆದುಕೊಡುತ್ತಿದ್ದೆವು. ಹಾಲಿನ ತೂಕ, ಫ್ಯಾಟ್ ಲೆಕ್ಕ, ಬೂಸಾ ಮಾರಾಟ, ದನದ ವಿಮೆ ಎಲ್ಲವೂ ಒಂದೇ ಪ್ರೋಗ್ರಾಮಿನೊಳಗೆ ಹೆಣೆದುಕೊಂಡಿದ್ದವು. ಒಂದು ಕಡೆ ಕೈಯಿಟ್ಟರೆ ಇನ್ನೆಲ್ಲೋ ಅಲುಗುತ್ತಿತ್ತು.

ನನ್ನ ಪಕ್ಕದ ಮೇಜಿನವಳು ಹುಳಿಯಾರು ಕಡೆಯ ಹಟ್ಟಿಯವಳು. ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ನೋಡದೆ ಡೇರಿಗೆ ಕಳಿಸಬಾರದು ಅನ್ನುವ ಕಟ್ಟುಪಾಡು ತಂದವಳು ಅವಳೇ. ತೂಕದ ಭಾಗವನ್ನಾದರೂ ಬೇರೆ ಮಾಡೋಣ ಅಂತ ಮಾಲೀಕರಿಗೆ ಎಷ್ಟೋ ಸಲ ಹೇಳಿದ್ದಳು.

"ಓಡ್ತಿರೋದನ್ನ ಯಾಕಮ್ಮ ಒಡೀತೀಯಾ?" ಅನ್ನುತ್ತಿದ್ದರು ಅವರು.

ಬೇಸಿಗೆಯ ಒಂದು ಸಂಜೆ, ಬೂಸಾ ಮಾರಾಟದ ಹೊಸ ಪುಟ ಅವತ್ತೇ ಬೇಕು ಅಂತ ಡೇರಿಯಿಂದ ಫೋನು ಬಂತು. ಅದನ್ನು ಬರೆದವರು ಮಾಲೀಕರೇ.

"ನಾನಿನ್ನೂ ನೋಡಿಲ್ಲ ಸಾರ್, ನಾಳೆ ಕಳ್ಸೋಣ" ಅಂದಳು ಅವಳು.

"ನಾನ್ ಬರ್ದಿರೋದ್ರಲ್ಲಿ ನೀನೇನ್ ನೋಡ್ತೀಯಾ, ಬುಡಮ್ಮ" ಅಂದವರೇ ಕಳಿಸಿಬಿಟ್ಟರು.

ಮರುದಿನ ಹಾಲು ಹಾಕುವ ಹೊತ್ತಿಗೆ ಬೂಸಾ ಭಾಗ ಮುಗ್ಗರಿಸಿತು. ಅದರ ಜೊತೆ ಇಡೀ ಪ್ರೋಗ್ರಾಮು ನಿಂತಿತು. ಶೆಟ್ಟಿಕೆರೆ, ಹಂದನಕೆರೆ, ಹಾಲ್ಕುರಿಕೆ, ಎಲ್ಲ ಕಡೆಯ ಹಾಲಿನ ಕೇಂದ್ರಗಳಲ್ಲೂ ತೂಕದ ಮಿಷನ್ನಿನ ಪರದೆ ಖಾಲಿ. ಕೈಯಲ್ಲಿ ಬರೆದುಕೊಂಡು ಹಾಲು ತೆಗೆದುಕೊಳ್ಳಲು ಡೇರಿಯವರು ಒಪ್ಪಲಿಲ್ಲ. ಹಳೇ ಪ್ರೋಗ್ರಾಮನ್ನೇ ವಾಪಸ್ ಹಾಕೋಣವೆಂದರೆ, ಹೊಸದು ಮಾಹಿತಿಯ ಜೋಡಣೆಯನ್ನೇ ಬದಲಿಸಿಬಿಟ್ಟಿತ್ತು. ಹಳೆಯದಕ್ಕೆ ಅದನ್ನು ಓದಲು ಬರುತ್ತಿರಲಿಲ್ಲ.

ಅಷ್ಟರಲ್ಲಿ ಅವಳ ಅವ್ವನ ಫೋನು. ಸ್ಪೀಕರಿಗೆ ಹಾಕಿ ಕೆಲಸ ಮಾಡುತ್ತಲೇ ಇದ್ದಳು.

"ಮಿಸನ್ನು ಓಡ್ತಿಲ್ವಂತೆ ಕಣವ್ವ. ಬಿಸ್ಲು ಏರ್ತಾ ಐತೆ. ಹಾಲು ಏನ್ ಮಾಡ್ಲಿ?"

"ಇನ್ನೊಂಚೂರು ಹೊತ್ತು ಇರವ್ವ."

ನಾವು ಸರಿಪಡಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು, ಹಾಲು ಒಡೆದಿತ್ತು. ಹಟ್ಟಿಯವರೆಲ್ಲ ಮೋರಿಗೆ ಚೆಲ್ಲಿದರು ಅಂತ ಅವ್ವ ತಿಳಿಸಿದಾಗ ಅವಳು ಗೋಡೆ ಕಡೆ ಮುಖ ಮಾಡಿ ಕೂತಳು.

ಸಂಜೆ ಡೇರಿಯ ಮ್ಯಾನೇಜರ್ ಬಂದ. ಮಾಲೀಕರು ಅವಳತ್ತ ಕೈ ತೋರಿಸಿ, "ಈ ಹುಡುಗಿ ಚೆಕ್ ಮಾಡ್ಬೇಕಿತ್ತು, ಮಾಡಿಲ್ಲ" ಅಂದರು.

ನಾನು ಎದ್ದು ನಿಂತೆ. "ಇವತ್ತು ಕಳ್ಸೋದು ಬೇಡ ಅಂತ ಅವ್ರು ನಿನ್ನೇನೇ ಅಂದಿದ್ರು. ಕಳ್ಸಿದ್ದು ನೀವು ಸಾರ್."

ಮ್ಯಾನೇಜರ್ ನನ್ನ ಕಡೆ ನೋಡಲೂ ಇಲ್ಲ. ಮಾಲೀಕರು ಅವಳನ್ನು ಅವತ್ತೇ ಕೆಲಸದಿಂದ ಬಿಡಿಸಿದರು. ಚಾರ್ಜರ್ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಮೆಟ್ಟಿಲಿಳಿದಳು. ನನ್ನನ್ನು ಉಳಿಸಿಕೊಂಡರು, ಇಬ್ಬರೂ ಹೋದರೆ ಆ ಪ್ರೋಗ್ರಾಮನ್ನು ನಡೆಸುವುದು ಅವರೊಬ್ಬರ ಕೈಲಿ ಆಗುತ್ತಿರಲಿಲ್ಲ. ಕೆಲವು ವಾರಗಳಾದ ಮೇಲೆ ತೂಕದ ಭಾಗವನ್ನು ಬೇರೆ ಮಾಡು ಅಂದರು, ತಮಗೇ ಹೊಳೆದದ್ದು ಅನ್ನುವ ಹಾಗೆ.

ಅವಳ ಹಟ್ಟಿಯಲ್ಲಿ ಸುಮಾರು ಜನ ಡೇರಿಗೆ ಹಾಕುವುದನ್ನು ಬಿಟ್ಟರು. ಹಾಲು ಕಮ್ಮಿಯಾಯಿತು ಅಂತ ಡೇರಿಯವರು ಅಲ್ಲಿನ ಕೇಂದ್ರವನ್ನೇ ಮುಚ್ಚಿದರು.

ಹೋದ ತಿಂಗಳು ಚಿಕ್ಕನಾಯಕನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಜೆರಾಕ್ಸ್ ಅಂಗಡಿಯಲ್ಲಿ ಕೆಲಸವಂತೆ. ಬೇರೆ ಕಂಪನಿಗೆ ಕೆಲಸ ಕೇಳಿಕೊಂಡು ಹೋದರೆ ಅವರು ಮೊದಲು ನಮ್ಮ ಮಾಲೀಕರಿಗೇ ಫೋನ್ ಮಾಡಿ ವಿಚಾರಿಸುತ್ತಾರಂತೆ.

"ಹಸೂನ ಮಾರ್ಬುಟ್ವಿ ಕಣ್ರೀ" ಅಂದಳು. "ಅವ್ವ ಈಗ ಬೆಳಗ್ಗೆ ಬೇಗ ಏಳೋದೇ ಇಲ್ಲ. ಎದ್ದೇನ್ ಮಾಡ್ಲಿ ಅಂತಾಳೆ."

ಟೀ ಕುಡಿಯೋಣ ಬನ್ನಿ ಅಂದೆ. ಹುಳಿಯಾರು ಬಸ್ಸು ಬಂತು. ಬತ್ತೀನಿ ಅಂತ ಹೇಳಿ ಹತ್ತಿದಳು.