ಏನನ್ನು ಓದಿದಳು?

ನಾನು ಮಂಡ್ಯದ ಹೈಸ್ಕೂಲಿಗೆ ಕನ್ನಡ ಪಂಡಿತನಾಗಿ ಬಂದಾಗ ಯುರೋಪಿನಲ್ಲಿ ದೊಡ್ಡ ಯುದ್ಧ ನಡೆಯುತ್ತಿತ್ತು. ನನ್ನ ತರಗತಿಯಲ್ಲಿ ಹಕಾರದ ಯುದ್ಧ. ಮೈಸೂರಿನ ಅಗ್ರಹಾರದಲ್ಲಿ ಬೆಳೆದವನು ನಾನು. ಅದಕ್ಕೆ ಮೊದಲು ಮಳವಳ್ಳಿಯಲ್ಲಿ ಎರಡು ವರ್ಷ ಪಾಠ ಹೇಳಿದ್ದರೂ ಈ ಕಡೆಯ ಮಾತು ನನ್ನ ಕಿವಿಗೆ ಒಗ್ಗಿರಲಿಲ್ಲ, ಒಗ್ಗಿಸಿಕೊಳ್ಳುವ ಮನಸ್ಸೂ ಇರಲಿಲ್ಲ. ಹುಡುಗರ ಬಾಯಲ್ಲಿ ಹಾಲು ಆಲಾಗುತ್ತಿತ್ತು, ಹಳ್ಳಿ ಅಳ್ಳಿಯಾಗುತ್ತಿತ್ತು. ನಾನು ಒಬ್ಬೊಬ್ಬನ ಬಾಯಿಯ ಮುಂದೆಯೂ ಕಾಗದದ ಚೂರು ಹಿಡಿದು, ಅದು ಅಲುಗುವ ತನಕ ‘ಹ’ ಹೇಳಿಸಿದೆ. ಅದರಿಂದ ಆದದ್ದೇನೆಂದರೆ, ಬೇಡದ ಕಡೆಯೂ ಹಕಾರ ಬರತೊಡಗಿತು. ‘ನಮ್ಮ ಹಣ್ಣ ಹಾನೆ ನೋಡಲು ಹೋದನು’ ಎಂದು ಒಬ್ಬ ಬರೆದ. ಅಣ್ಣ ಹೋಗಿ ಹಣ್ಣಾಗಿದ್ದ. ನಾನು ಆ ಪುಸ್ತಕವನ್ನು ಕಿಟಕಿಯಿಂದ ಆಚೆಗೆ ಎಸೆದೆ. ಆಗೆಲ್ಲ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ಐದನೇ ಫಾರಂಗೆ ಸಾಹಿತ್ಯ ಪ್ರಕಾರಗಳನ್ನು ಹೇಳಿಕೊಡುವುದು ನನ್ನ ಪಾಲಿಗೆ ಬಂದಿತ್ತು. ಪಠ್ಯದಲ್ಲಿ ಲಕ್ಷಣಗಳಿದ್ದವು, ಹುಡುಗರು ಅವನ್ನು ಉರು ಹೊಡೆದು ಒಪ್ಪಿಸುತ್ತಿದ್ದರು, ಮಾರನೆಯ ದಿನ ಮರೆಯುತ್ತಿದ್ದರು. ಅದಕ್ಕೆ ನಾನೊಂದು ಉಪಾಯ ಮಾಡಿಕೊಂಡೆ. ಬೋರ್ಡಿನ ಮೇಲೆ ಐದು ಮನೆ ಗೀಚಿ ಕಥೆ, ನಾಟಕ, ಕವಿತೆ, ಪತ್ರ, ಅನುಭವ ಪ್ರಬಂಧ ಎಂದು ಬರೆದೆ. ಎಲ್ಲಕ್ಕೂ ಒಂದೇ ಸಂಗತಿ: ಸಕ್ಕರೆ ಕಾರ್ಖಾನೆಗೆ ಹೊರಟಿದ್ದ ಕಬ್ಬಿನ ಗಾಡಿ ದಾರಿಯಲ್ಲಿ ಮಗುಚಿಕೊಂಡಿತು. ಇದನ್ನು ಐದು ಮನೆಗೂ ತುಂಬಿಸಿ ಎಂದೆ.

ನಾಟಕದ ಮನೆಯಲ್ಲಿ ಒಬ್ಬ ‘ಎತ್ತು: (ಸುಮ್ಮನೆ ನಿಂತಿರುವುದು)’ ಎಂದು ಬರೆದು ಅಷ್ಟಕ್ಕೇ ಪರದೆ ಎಳೆದ. ಪತ್ರದವನು ಗಾಡಿ ಮಗುಚಿದ ವಿಷಯ ಬಿಟ್ಟು ಎಲ್ಲರ ಕ್ಷೇಮ ಸಮಾಚಾರ ಕೇಳಿದ್ದ. ಕವಿತೆಗೆ ಬಂದಾಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ.

“ಗಾಡಿ ಮಗುಚ್ಕಂಡ್ರೆ ಪದ್ಯ ಯಾಕ್ ಸಾ ಕಟ್ಟಾದು? ಮೊದ್ಲು ಎತ್ನ ಕೊರಳ್ ಅಗ್ಗ ಬುಡುಸ್ಬೇಕು. ಇಲ್ದಿದ್ರೆ ಉಸ್ರು ಕಟ್ಕಂಡು ಸತ್ತೋಯ್ತವೆ.”

ತರಗತಿಯೆಲ್ಲ ನಕ್ಕಿತು. ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಅವನು ಹೇಳಿದ್ದು ಸರಿ ಎಂದು ನನಗೆ ಆಗಲೇ ಗೊತ್ತಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂದದ್ದು.

ಈ ಹುಡುಗ ಕೆರಗೋಡಿನವನು. ಐದನೇ ಫಾರಂನಲ್ಲಿ ಎರಡನೇ ವರ್ಷ ಕೂತಿದ್ದ. ಲೆಕ್ಕದಲ್ಲಿ, ಚರಿತ್ರೆಯಲ್ಲಿ ಪಾಸಾಗಿ ಕನ್ನಡದಲ್ಲಿ ನಪಾಸಾಗಿದ್ದ. ವರ್ಷದ ಮೊದಲಲ್ಲಿ ಅವನ ತಂದೆ ಕಬ್ಬಿನ ಗಾಡಿಯನ್ನು ಕಾರ್ಖಾನೆಯ ಸಾಲಿನಲ್ಲಿ ಬಿಟ್ಟು, ಬಾರುಕೋಲು ಕೈಯಲ್ಲಿ ಹಿಡಿದುಕೊಂಡೇ ಶಾಲೆಗೆ ಬಂದಿದ್ದರು.

“ನಾವು ಆಡೋ ಮಾತ್ನಲ್ಲೇ ಪೇಲಾಯ್ತಾನೆ ಅಂದ್ರೆ ಏನ್ ಮೇಷ್ಟ್ರೇ ಇದು? ಈ ಸಲ್ವೂ ಡುಮ್ಕಿ ಒಡುದ್ರೆ ನೇಗ್ಲು ಇಡುಸ್ಬುಡ್ತೀನಿ. ನಂಗೇನ್ ಓದ್ಸೋ ಉಚ್ಚಿಲ್ಲ. ಅವ್ರವ್ವಂದೇ ಹಟ, ಓದ್ಲಿ ಓದ್ಲಿ ಅಂತ ಪ್ರಾಣ ತಿಂತಾಳೆ.”

“ಅವರವ್ವ ಓದಿದವರೋ?” ಎಂದು ಕೇಳಿದೆ.

ಅವರು ನಕ್ಕರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಆ ನಗು ಏನೆಂದು ನಾನು ವಿಚಾರಿಸಲಿಲ್ಲ.

ಹುಡುಗನ ಪಕ್ಕದಲ್ಲಿ ಕೂರುತ್ತಿದ್ದವನು ಪೇಟೆಯ ಒಬ್ಬ ಮುಸಲ್ಮಾನರ ಹುಡುಗ. ತಂದೆ ಗಾಡಿ ಚಕ್ರಗಳಿಗೆ ಕಬ್ಬಿಣದ ಪಟ್ಟಿ ಬಿಗಿಯುತ್ತಿದ್ದರು. ಮನೆಯಲ್ಲಿ ಉರ್ದು ಆಡುವ ಈ ಹುಡುಗನ ಕನ್ನಡದಲ್ಲಿ ಹಕಾರ ಇರಬೇಕಾದ ಕಡೆ ಇರುತ್ತಿತ್ತು, ಬೇಡದ ಕಡೆ ಇರುತ್ತಿರಲಿಲ್ಲ. ‘ನೋಡ್ರೋ, ನಾಚಿಕೆಯಾಗಬೇಕು ನಿಮಗೆ’ ಎಂದು ನಾನು ಅವನನ್ನು ತೋರಿಸಿ ಉಳಿದವರನ್ನು ಹಂಗಿಸುತ್ತಿದ್ದೆ. ಅವನಿಗದು ಮುಜುಗರ. ಆದರೆ ಗೆಳೆಯನ ಬರಹವನ್ನು ನನಗೆ ಒಪ್ಪಿಸುವ ಮೊದಲು ಅವನು ಒಮ್ಮೆ ಓದಿ, ಬಿಟ್ಟುಹೋದ ಹಕಾರಗಳನ್ನೆಲ್ಲ ತುಂಬಿಸಿಕೊಡುತ್ತಿದ್ದ. ಇದು ನನಗೆ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಇದ್ದೆ.

ಸಂಕ್ರಾಂತಿ ಕಳೆದ ಮೇಲೆ ಕೆರಗೋಡಿನ ಹುಡುಗ ಹದಿನೈದು ದಿನ ಶಾಲೆಗೆ ಬರಲಿಲ್ಲ. ಬಂದಾಗ ತಲೆ ನುಣ್ಣಗಾಗಿತ್ತು, ಮೇಲೊಂದು ಟೋಪಿ. ಹಬ್ಬ ಮುಗಿದ ಮೇಲೆ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬರುವ ಹುಡುಗರು ಪ್ರತಿ ವರ್ಷವೂ ಇರುತ್ತಿದ್ದರು.

“ಏನಯ್ಯಾ, ದೇವರಿಗೆ ಕೂದಲು ಮಾತ್ರ ಕೊಟ್ಟೆಯೋ, ಒಳಗಿದ್ದದ್ದನ್ನೂ ಕೊಟ್ಟುಬಿಟ್ಟೆಯೋ?” ಎಂದೆ.

ಅವನು ಟೋಪಿ ಸರಿಮಾಡಿಕೊಂಡು ಕೂತ. ಯಾರೂ ನಗಲಿಲ್ಲ.

ಮುಂದಿನ ತಿಂಗಳು ವರ್ಷದ ಕೊನೆಯ ಪ್ರಬಂಧ. ಇಪ್ಪತ್ತು ಅಂಕ. ಹಿಂದಿನದನ್ನೆಲ್ಲ ಕೂಡಿ ನೋಡಿದರೆ, ಅವನು ಪಾಸಾಗಬೇಕಾದರೆ ಇದರಲ್ಲಿ ಹನ್ನೆರಡಾದರೂ ಬರಬೇಕಿತ್ತು. ಅದನ್ನು ನಾನೇ ಅವನಿಗೆ ಹೇಳಿದ್ದೆ. ವಿಷಯ, ‘ನಮ್ಮ ಮನೆಯಲ್ಲಿ ಒಂದು ಸಂಜೆ’. ಪ್ರಕಾರ, ಅನುಭವ ಪ್ರಬಂಧ. ಯುದ್ಧದಿಂದಾಗಿ ಕಾಗದಕ್ಕೆ ಬರ. ಸಿಗುತ್ತಿದ್ದ ಹಾಳೆಯೋ ಈರುಳ್ಳಿ ಸಿಪ್ಪೆಯಷ್ಟು ತೆಳು, ಈ ಕಡೆ ಬರೆದರೆ ಆ ಕಡೆಗೆ ಇಳಿಯುತ್ತಿತ್ತು. ಆದ್ದರಿಂದ ಒಂದು ಪುಟ ಮೀರಬಾರದೆಂದು ಕಟ್ಟಪ್ಪಣೆ ಮಾಡಿದೆ. ಇನ್ನೊಂದು ಮಾತನ್ನೂ ಬೋರ್ಡಿನ ಮೇಲೆ ಬರೆದೆ.

“ಕಥೆಯಲ್ಲಿ ಎಷ್ಟು ಬೇಕಾದರೂ ಸುಳ್ಳು ಹೇಳಿ, ಬೆನ್ನು ತಟ್ಟುತ್ತೇನೆ. ಅನುಭವ ಪ್ರಬಂಧದಲ್ಲಿ ಕಟ್ಟಿ ಬರೆದರೆ ಸೊನ್ನೆ. ಯಾರೇ ಆಗಲಿ, ಸೊನ್ನೆ.”

ಅವನು ಬರೆದದ್ದು ಪುಟದ ಕಾಲು ಭಾಗ:

‘ಸಂಕ್ರಾಂತಿ ಕಳೆದ ಮಂಗಳವಾರ ಸಂಜೆ ನಮ್ಮವ್ವ ಓದಳು. ನಾನು ಪಕ್ಕದಲ್ಲೇ ಕುಂತಿದ್ದೆ. ಅಪ್ಪ ದೀಪ ಹಚ್ಚಿ ತಲೆಯ ಹತ್ತಿರ ಇಟ್ಟರು. ಬೀದಿಯವರೆಲ್ಲ ಬಂದು ಸುತ್ತ ಕುಂತರು. ಅವರು ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಅವ್ವನ ಮುಖವನ್ನೇ ನೋಡುತ್ತಿದ್ದೆ.’

ಓದಿ ನನಗೆ ಆಶ್ಚರ್ಯವಾಯಿತು. ಕೆರಗೋಡಿನ ಒಕ್ಕಲು ಮನೆಯಲ್ಲಿ ಹೆಂಗಸೊಬ್ಬಳು ಓದುತ್ತಾಳೆ, ಗಂಡ ದೀಪ ತಂದಿಡುತ್ತಾನೆ, ಬೀದಿಯೇ ಬಂದು ಕೂತು ಕೇಳುತ್ತದೆ! ಓದಲಿ ಓದಲಿ ಎಂದು ಆಕೆ ಪ್ರಾಣ ತಿನ್ನುವುದೇಕೆಂದು ಈಗ ತಿಳಿಯಿತು ಅಂದುಕೊಂಡೆ. ಹಚ್ಚಿ, ಹತ್ತಿರ, ಹೇಳಿದರೋ, ಎಲ್ಲ ಕಡೆಯೂ ಹಕಾರ ತನ್ನ ಜಾಗದಲ್ಲಿತ್ತು. ಒಂದು ವ್ಯಾಕರಣದ ತಪ್ಪು ಮಾತ್ರ ಕಣ್ಣಿಗೆ ಬಿತ್ತು. ‘ಓದಳು’ ಎಂಬುದರ ನಡುವೆ ಕೆಂಪು ಮಸಿಯಲ್ಲಿ ಒಂದು ‘ದಿ’ ಸೇರಿಸಿ ‘ಓದಿದಳು’ ಎಂದು ಮಾಡಿದೆ. ಅಂಚಿನಲ್ಲಿ ಬರೆದೆ: ‘ಏನನ್ನು ಓದಿದಳು? ಕರ್ಮಪದವೆಲ್ಲಿ? ಸಾಲದು. ಹಿಂಬದಿಯಲ್ಲಿ ಇನ್ನೊಮ್ಮೆ ವಿವರವಾಗಿ ಬರೆ.’ ಅಂಕದ ಜಾಗದಲ್ಲಿ ಆರು ಎಂದು ಹಾಕಿದೆ.

ಎರಡು ದಿನ ಬಿಟ್ಟು ಪುಸ್ತಕ ಮರಳಿ ಬಂತು. ಹಾಳೆಯ ಹಿಂಬದಿ ತುಂಬಿತ್ತು. ಅವ್ವ ಅವನ ಪಾಠದ ಪುಸ್ತಕವನ್ನೇ ತೆಗೆದುಕೊಂಡು ಓದಿದಳಂತೆ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದಿದಳು. ಒತ್ತಕ್ಷರ ಬಂದ ಕಡೆ ನಿಂತಳು, ಇವನು ಹೇಳಿಕೊಟ್ಟ. ಬೆರಳಲ್ಲಿದ್ದ ಅರಿಸಿನ ಪುಟಕ್ಕೆ ಹತ್ತಿತು, ಸೆರಗಿನಿಂದ ಒರೆಸಿದರೆ ಇನ್ನೂ ಹರಡಿತು. ‘ನಾಳೆ ಇದರ ಮುಂದಿಂದು ಓದಾನ’ ಎಂದು ಗುರುತಿಗೆ ಒಂದು ಕಬ್ಬಿನ ಗರಿ ಇಟ್ಟು ಮುಚ್ಚಿದಳು.

ಅಲ್ಲಿಯವರೆಗಿನ ನೌಕರಿಯಲ್ಲಿ ಅಂಥ ಪುಟವನ್ನು ನಾನು ಕಂಡಿರಲಿಲ್ಲ. ಹದಿನಾರು ಅಂಕ ಕೊಟ್ಟೆ. ಮಾರನೆಯ ದಿನ ಅದನ್ನು ತರಗತಿಗೆ ಗಟ್ಟಿಯಾಗಿ ಓದಿ ಹೇಳಿದೆ.

“ಕೇಳಿದಿರೇನ್ರೋ? ಅನುಭವ ಪ್ರಬಂಧ ಅಂದರೆ ಇದು. ಕಂಡದ್ದು ಕಂಡ ಹಾಗೆ. ಒಂದಕ್ಷರ ಕಟ್ಟಿದ್ದಲ್ಲ.”

ಹಳ್ಳಿ ಕಡೆಯ ಹುಡುಗರು ತಲೆ ತಗ್ಗಿಸಿದ್ದರು. ನನ್ನ ಓದು ನಾಟಿತೆಂದು ನಾನು ಬೀಗಿದೆ.

ಗಂಟೆ ಹೊಡೆದ ಮೇಲೆ ಚಕ್ರದವರ ಹುಡುಗ ಒಬ್ಬನೇ ಉಳಿದ. ಮೇಜಿನ ಹತ್ತಿರ ಬಂದು, ಬಾಗಿಲ ಕಡೆ ಒಮ್ಮೆ ನೋಡಿ ಹೇಳಿದ:

“ಸಾ, ಅವರಮ್ಮಂಗೆ ಓದಕ್ಕೆ ಬರ್ತಿರಲಿಲ್ಲ ಸಾ. ಹೆಬ್ಬೆಟ್ಟು. ಸಂಕ್ರಾಂತಿ ಆದ್ಮೇಲೆ ತೀರಿಕೊಂಡ್ರು. ಓದ್ಲು ಅಂದ್ರೆ ಹೋದ್ಲು ಅಂತ.”

ನಾನು ಪುಸ್ತಕ ತೆರೆದು ಮೊದಲ ಪುಟ ನೋಡಿದೆ. ಅವ್ವ ಓದಳು. ದೀಪ ಹಚ್ಚಿ ತಲೆಯ ಹತ್ತಿರ ಇಟ್ಟರು. ಬೀದಿಯವರೆಲ್ಲ ಬಂದರು. ಪಕ್ಕದಲ್ಲಿ ನನ್ನ ಕೆಂಪು ಅಕ್ಷರ: ಕರ್ಮಪದವೆಲ್ಲಿ?

“ಬೇರೆ ಎಲ್ಲದಕ್ಕೂ ನೀನೇ ಹ ಹಾಕಿದ್ದೀಯಲ್ಲೋ, ಇದಕ್ಕೆ ಯಾಕೆ ಹಾಕಲಿಲ್ಲ?” ಎಂದು ಅವನ ಮೇಲೆ ರೇಗಿದೆ.

“ಅದೊಂದಕ್ಕೆ ಕೈ ಬರಲಿಲ್ಲ ಸಾ.”

ಅವನನ್ನು ಕಳಿಸಿದೆ. ನನಗೆ ಮೊದಲು ಬಂದದ್ದು ದುಃಖವಲ್ಲ. ಅದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ. ಬಂದದ್ದು ಅವಮಾನ. ಕಟ್ಟಿ ಬರೆದದ್ದನ್ನು ನಿಜವೆಂದು ನಂಬಿ, ಗೊತ್ತಿದ್ದವರ ಮುಂದೆಯೇ ಹೊಗಳಿದ್ದೆ. ನಾನೇ ಬರೆದ ನಿಯಮದ ಪ್ರಕಾರ ಆ ಪುಟಕ್ಕೆ ಸೊನ್ನೆ. ಸೊನ್ನೆ ಬಿದ್ದರೆ ಹುಡುಗ ನಪಾಸು, ನಪಾಸಾದರೆ ನೇಗಿಲು. ಈಗ ಓದಲಿ ಓದಲಿ ಎನ್ನುವವಳೂ ಮನೆಯಲ್ಲಿಲ್ಲ. ಅಂಕಪಟ್ಟಿಯನ್ನು ಹೆಡ್ಮಾಸ್ಟರಿಗೆ ಒಪ್ಪಿಸಲು ಇನ್ನೊಂದೇ ದಿನ ಉಳಿದಿತ್ತು.

ಮಾರನೆಯ ಬೆಳಿಗ್ಗೆ ಶಾಲೆ ತೆರೆಯುವ ಮೊದಲೇ ಕೆರಗೋಡಿನ ಹುಡುಗನನ್ನು ಕರೆಸಿದೆ. ತಲೆಯಲ್ಲಿ ಕೂದಲು ಮೊಳೆತಿತ್ತು, ಟೋಪಿ ಕೈಯಲ್ಲಿತ್ತು.

“ಒಂದು ಹ ಹಾಕಿದ್ದರೆ ಮುಗಿಯುತ್ತಿತ್ತಲ್ಲೋ. ಇಷ್ಟು ಉದ್ದ ಯಾಕೆ ಕಟ್ಟಿದೆ?”

“ನೀವೇ ಕೇಳಿದ್ರಲ್ಲ ಸಾ, ಏನ ಓದುದ್ಲು ಅಂತ.”

“ಕೇಳಿದೆ. ನಿನಗೆ ಗೊತ್ತಿತ್ತಲ್ಲ ನಾನು ತಪ್ಪು ತಿಳಿದೆ ಅಂತ?”



“ಹ ಆಕಾನ ಅಂತ್ಲೇ ಕುಂತ್ಕಂಡೆ ಸಾ. ನೀವು ಓದಿದಳು ಅಂತ ತಿದ್ದಿದ್ರಿ. ಅದ್ನೇ ನೋಡ್ತಾ ನೋಡ್ತಾ, ಅಂಗೇ ಇರ್ಲಿ ಅನ್ನುಸ್ತು. ಬರ್ಕಂಡು ಓಯ್ತಾ ಓಯ್ತಾ ಅವ್ವ ಪಕ್ದಲ್ಲೇ ಕುಂತಂಗಾಯ್ತು. ನಿಲ್ಸಾಕೆ ಮನ್ಸಾಗ್ಲಿಲ್ಲ.”

ಹದಿನೈದು ವರ್ಷದ ಹುಡುಗನ ಎದುರು ನನಗೆ ನಾಚಿಕೆಯಾಯಿತು. ತಲೆ ಬೋಳಿಸಿಕೊಂಡು ಬಂದ ದಿನ ಆಡಿದ ಮಾತು ನೆನಪಾಗಿ ಇನ್ನೂ ನಾಚಿಕೆಯಾಯಿತು. “ಅವತ್ತು ನಾನು ಹಾಗನ್ನಬಾರದಿತ್ತು” ಎಂದೆ. ಶಿಷ್ಯನೊಬ್ಬನಿಗೆ ನಾನು ಅಂಥ ಮಾತು ಹೇಳಿದ್ದು ಅದೇ ಮೊದಲು. ಅವನು ಟೋಪಿ ತಿರುವುತ್ತ ನಿಂತ.

ಆಮೇಲೆ ನಾನು ಮೇಷ್ಟ್ರ ದನಿಗೆ ಮರಳಿದೆ. “ಹಿಂಬದಿಯಲ್ಲಿರುವುದು ಕಥೆ. ಒಳ್ಳೆಯ ಕಥೆ. ಆದರೆ ನಾನು ಕೇಳಿದ್ದು ಕಥೆಯಲ್ಲ, ಅದಕ್ಕೆ ಅಂಕ ಕೊಡಲಾರೆ. ಮುಂಬದಿಯಲ್ಲಿರುವುದು ಅನುಭವ. ನನಗೆ ಓದಲು ಬರಲಿಲ್ಲ, ಅಷ್ಟೆ. ಹದಿನಾರು ಅದಕ್ಕೇ ಇರಲಿ.”

ಪುಟ ಬಿಡಿಸಿ ಆರನ್ನು ಹೊಡೆದು ಹದಿನಾರು ಬರೆದೆ. ಕರ್ಮಪದದ ಪ್ರಶ್ನೆಯನ್ನು ಹೊಡೆದುಹಾಕಿದೆ. ಉಳಿದದ್ದು ಆ ಒಂದು ಮಾತು. ತಪ್ಪನ್ನು ಹಾಗೇ ಬಿಟ್ಟರೆ ಹದಿನಾರಕ್ಕೆ ಆಧಾರವಿರುವುದಿಲ್ಲ, ಹೆಡ್ಮಾಸ್ಟರು ಪುಸ್ತಕ ತರಿಸಿ ನೋಡುವವರು. ಲೇಖನಿಯನ್ನು ಕೆಂಪು ಮಸಿಯಲ್ಲಿ ಅದ್ದಿ ‘ಓ’ ಅಕ್ಷರದ ಮೇಲೆ ತಂದೆ.

“ಸಾ,” ಎಂದ ಹುಡುಗ, “ಒತ್ತಿ ಬರೀಬ್ಯಾಡಿ ಸಾ. ಇಂದುಕ್ಕೆ ಇಳೀತದೆ.”

ನಾನು ಲೇಖನಿಯನ್ನು ಕೆಳಗಿಟ್ಟೆ. ಡ್ರಾಯರಿನಲ್ಲಿ ಪೆನ್ಸಿಲ್ ಹುಡುಕಿ ತೆಗೆದು, ಆ ‘ದಿ’ಯನ್ನು ಹೊಡೆದು, ಕಂಡೂ ಕಾಣದ ಹಾಗೆ ‘ಹೋದಳು’ ಎಂದು ತಿದ್ದಿದೆ. ಹಾಳೆಯನ್ನು ತಿರುಗಿಸಿ ಅವನಿಗೆ ತೋರಿಸಿದೆ. ಪೆನ್ಸಿಲಿನದು ಹಿಂದಕ್ಕೆ ಏನೂ ಇಳಿದಿರಲಿಲ್ಲ.