ದೋಣಿ ನಾಣ್ಯದ ಪಕ್ಕದ ಚೀಟಿ

ಕಳೆದ ವಾರ ಇನ್ವರ್ಟರ್ ಬ್ಯಾಟರಿಗೆ ನೀರು ತುಂಬಲು ಬಂದವರು ಅರ್ಧ ಉಳಿದ ಡಿಸ್ಟಿಲ್ಡ್ ವಾಟರ್ ಕ್ಯಾನನ್ನು ಅಡುಗೆಮನೆ ಕಟ್ಟೆಯ ಮೇಲೆ ಬಿಟ್ಟು ಹೋಗಿದ್ದರು. ಕೆಲಸ ಮುಗಿಸಿ ಬಂದು ಅದನ್ನು ನೋಡಿದ ತಕ್ಷಣ ನನಗೆ ಎದುರುಮನೆ ಆಂಟಿ ನೆನಪಾದರು. ಅವರ ಮನೆಯಲ್ಲಿ ಇನ್ವರ್ಟರ್ ಇರಲಿಲ್ಲ. ಆದರೂ ತಿಂಗಳಿಗೆ ಇಂಥ ಎರಡು ಕ್ಯಾನ್ ಖಾಲಿಯಾಗುತ್ತಿದ್ದವು. ಅಷ್ಟೂ ನೀರು ರೋಮನ್ನರ ಕಂಚಿನ ನಾಣ್ಯಗಳನ್ನು ನೆನೆಹಾಕಿ ಮಣ್ಣು, ಕಿಲುಬು ಬಿಡಿಸುವುದಕ್ಕೆ.

ಮದುವೆಯಾಗಿ ಬಸವೇಶ್ವರನಗರದ ಬಾಡಿಗೆ ಮನೆಗೆ ನಾನು ಬಂದಾಗ ಆಂಟಿ ಕೆಲಸದಿಂದ ನಿವೃತ್ತರಾಗಿ ಎರಡು ವರ್ಷವಾಗಿತ್ತು. ದಾವಣಗೆರೆ ಕಡೆಯವರು. ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತವರು. ಯಜಮಾನರು ತೀರಿಕೊಂಡಿದ್ದರು, ಮಗಳು ಶ್ರೀಗಂಧದ ಕಾವಲಿನಲ್ಲಿ ಸಂಸಾರ ಮಾಡಿಕೊಂಡಿದ್ದಳು. ಹಣೆಗೆ ವಿಭೂತಿ, ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ. ಮೊದಲ ಸಲ ಅವರ ಮನೆಗೆ ಹೋದಾಗ ಊಟದ ಮೇಜಿನ ತುಂಬ ಗಾಜಿನ ಬಟ್ಟಲುಗಳಿದ್ದವು. ಒಂದೊಂದರ ನೀರಿನಲ್ಲೂ ಹಸಿರುಗಟ್ಟಿದ ಒಂದೊಂದು ಬಿಲ್ಲೆ. ಆಂಟಿಗೆ ಏನೋ ಕಾಯಿಲೆ, ಯಾವುದೋ ನಾಟಿ ಔಷಧಿ ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ.

"ಎಷ್ಟು ದಿನ ನೆನೆಹಾಕ್ತೀರಾ ಆಂಟಿ?" ಎಂದು ಕೇಳಿದ್ದಕ್ಕೆ, "ಇದು ಸಾವಿರದ ಆರ್ನೂರು ವರ್ಷ ಮಣ್ಣಲ್ಲಿತ್ತು ಕಣಮ್ಮ. ನಾನು ಆರು ತಿಂಗಳು ಕಾಯಕ್ಕಾಗಲ್ವಾ?" ಅಂದರು.

ಈ ಹುಚ್ಚು ಅವರಿಗೆ ಹತ್ತಿದ್ದು ಕರೂರಿನಲ್ಲಂತೆ. ಯಾರದೋ ಮದುವೆಗೆ ಹೋಗಿದ್ದಾಗ, ಹಿತ್ತಾಳೆ ಪಾತ್ರೆ ಅಂಗಡಿಯವನೊಬ್ಬ ನದಿಯ ಮರಳು ಸೋಸಿದಾಗ ಸಿಕ್ಕಿದ್ದು ಎಂದು ಒಂದು ಹಿಡಿ ಸವೆದ ಕಾಸುಗಳನ್ನು ಅವರ ಮುಂದೆ ಸುರಿದ. ಮೆಣಸು, ಮುತ್ತು, ಬಟ್ಟೆಗೆಂದು ಸಮುದ್ರ ದಾಟಿ ಬಂದವರ ದುಡ್ಡು. ಮಿಕ್ಕವರಿಗೆ ಬರೀ ಲೋಹದ ಚೂರಾಗಿ ಕಂಡದ್ದರಲ್ಲಿ ಆಂಟಿಗೆ ಒಂದು ಮುಖ ಕಂಡಿತು. ಸಂಜೆ ನಾಲ್ಕರ ಬಿಸಿಲು ಕಿಟಕಿಯಿಂದ ಓರೆಯಾಗಿ ಬೀಳುವಾಗ ನಾಣ್ಯವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, "ನೋಡು, ಇದು ಕುದುರೆ. ಇವನು ಬಿದ್ದಿದಾನೆ, ಕೈ ಮೇಲೆತ್ತಿದಾನೆ" ಎಂದು ತೋರಿಸುತ್ತಿದ್ದರು. ಮೊದಮೊದಲು ನನಗೇನೂ ಕಾಣುತ್ತಿರಲಿಲ್ಲ. ಆಮೇಲೆ ಒಂದು ದಿನ ಥಟ್ಟನೆ ಆ ಕೈ ಕಂಡಿತು...

ಚಿನ್ನದ ನಾಣ್ಯಗಳ ಮೇಲೆ ಅವರಿಗೆ ಆಸೆ ಇರಲಿಲ್ಲ. "ಚಿನ್ನದ್ದು ಪೆಟ್ಟಿಗೆ ಸೇರ್ತು. ಕಂಚಿಂದು ತರಕಾರಿ ತಗೊಳ್ಳೋರ ಕೈಲಿ ಓಡಾಡ್ತು. ಅದಕ್ಕೇ ಇಷ್ಟು ಸವೆದಿರೋದು" ಎನ್ನುತ್ತಿದ್ದರು.

ಆದರೆ ಒಂದು ಮಾತ್ರ ಸವೆದಿರಲಿಲ್ಲ. ಅದು ದೋಣಿ ನಾಣ್ಯ. ಮಿಕ್ಕವು ಉಗುರಿನಷ್ಟಿದ್ದರೆ ಅದು ದಪ್ಪಗೆ, ಅಗಲಕ್ಕಿತ್ತು. ಒಂದು ಬದಿ ಚಕ್ರವರ್ತಿಯ ತಲೆ, ಇನ್ನೊಂದು ಬದಿ ಸಾಲಾಗಿ ಹುಟ್ಟು ಹಾಕುತ್ತಾ ಹೋಗುವ ಹಡಗು. ನಾಣ್ಯ ಸಂಗ್ರಹಿಸುವವರ ಸಂಘದ ಹಿರಿಯ ವ್ಯಾಪಾರಿಯೊಬ್ಬರಿಂದ ಕೊಂಡಿದ್ದರು. ಪ್ರತಿ ವರ್ಷ ವಿಜಯನಗರದ ಒಂದು ಕಲ್ಯಾಣ ಮಂಟಪದಲ್ಲಿ ಸಂಘದ ಪ್ರದರ್ಶನ ನಡೆದಾಗ ಆಂಟಿಯ ತಟ್ಟೆಯ ನಟ್ಟನಡುವೆ ದೋಣಿ ನಾಣ್ಯ ಇರುತ್ತಿತ್ತು. ಅದನ್ನು ಅವರು ಯಾರ ಕೈಗೂ ಕೊಡುತ್ತಿರಲಿಲ್ಲ.

ನನಗೆ ಕೊಟ್ಟರು. ಅದೇ ತಪ್ಪಾಯಿತೇನೋ ಎಂದು ಆಗ ಅನಿಸಿತ್ತು.

ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಪಂಪಿನ ಭಾಗಗಳನ್ನು ಎರಕ ಹೊಯ್ಯುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ಎರಕದಲ್ಲಿ ದೋಷ ಹುಡುಕುವುದೇ ಕೆಲಸ. ಆ ವರ್ಷದ ಪ್ರದರ್ಶನಕ್ಕೆ ಎರಡು ದಿನವಿದ್ದಾಗ ಆಂಟಿ, "ನಿನ್ನ ಹತ್ರ ಅಳತೆ ಮಾಡೋದಿದೆಯಲ್ಲ, ಎಲ್ಲಾ ನಾಣ್ಯದ್ದೂ ಅಗಲ ಬರ್ಕೊಡಮ್ಮ" ಎಂದರು. ವರ್ನಿಯರ್ ತೆಗೆದುಕೊಂಡು ಹೋದೆ. ಒಂದೊಂದಾಗಿ ಅಳೆಯುತ್ತಾ ಕೊನೆಗೆ ದೋಣಿ ನಾಣ್ಯವನ್ನು ಹಿಡಿದೆ. ಅಂಚಿನ ಮೇಲೆ ಬೆರಳು ಓಡಿದಾಗ ನನ್ನ ಕೈ ನಿಂತುಬಿಟ್ಟಿತು. ಸುತ್ತಲೂ ಕೂದಲೆಳೆಯಂಥ ಒಂದು ಗೆರೆ, ಅರದಿಂದ ಉಜ್ಜಿ ಅಳಿಸಲು ನೋಡಿದ್ದು. ಎರಕದ ಅಚ್ಚಿನ ಎರಡು ಹೋಳು ಕೂಡುವ ಕಡೆ ಬರುವ ಗೆರೆ ಅದು. ದಿನಕ್ಕೆ ನೂರಾರು ಸಲ ನಾನು ನೋಡುವ ಗೆರೆ. ಇಂಥ ನಾಣ್ಯವನ್ನು ರೋಮನ್ನರು ಸುತ್ತಿಗೆಯಿಂದ ಹೊಡೆದು ಅಚ್ಚೊತ್ತುತ್ತಿದ್ದರು ಎಂದು ನನಗೆ ಹೇಳಿಕೊಟ್ಟವರೇ ಆಂಟಿ. ಹೊಡೆದ ನಾಣ್ಯದಲ್ಲಿ ಆ ಗೆರೆ ಬರುವುದಿಲ್ಲ.

ಅಗಲ ಬರೆದುಕೊಟ್ಟು ಸುಮ್ಮನೆ ಮನೆಗೆ ಬಂದೆ. ನಮ್ಮ ಯಜಮಾನರು, "ವಯಸ್ಸಾದೋರು, ಯಾಕೆ ಹೇಳಕ್ಕೆ ಹೋಗ್ತೀಯ, ಬಿಡು" ಎಂದರು. ಬಿಡಲು ಆಗಲಿಲ್ಲ. ಹಡಗಿನ ಮೇಲೆ ಬೆಳಕು ಬೀಳಿಸಿ ಅವರು ಸಂತೋಷಪಡುವುದನ್ನು ಇನ್ನು ಮುಂದೆ ನಾನು ಹೇಗೆ ಎದುರಿಗೆ ಕೂತು ನೋಡುವುದು? ಶನಿವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಹೋಗಿ ಹೇಳಿಬಿಟ್ಟೆ.

ಆಂಟಿ ಬೀರುವಿನಿಂದ ಹಳೆಯ ಮೈಕ್ರೋಸ್ಕೋಪ್ ತೆಗೆದರು. ಅಂಚನ್ನು ತಿರುಗಿಸಿ ತಿರುಗಿಸಿ ನೋಡಿದರು. ಮೇಲ್ಮೈಯಲ್ಲಿ ಗಾಳಿಗುಳ್ಳೆ ಒಡೆದ ಸೂಜಿಮೊನೆಯಂಥ ತೂತುಗಳೂ ಇದ್ದಿರಬೇಕು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

"ಹನ್ನೊಂದು ವರ್ಷ..." ಅಂದರು. ಆಮೇಲೆ, "ನೀನು ಹೋಗಮ್ಮ, ಲೇಟಾಗತ್ತೆ ನಿಂಗೆ."

ಅವತ್ತು ಇಡೀ ದಿನ ಅವರ ಬಾಗಿಲು ತೆರೆಯಲಿಲ್ಲ. ಸಂಜೆ ಹೋಗಿ ಬೆಲ್ ಮಾಡೋಣವೆಂದು ಗೇಟಿನವರೆಗೆ ಹೋಗಿ ವಾಪಸ್ ಬಂದೆ.

ಭಾನುವಾರ, ಪ್ರದರ್ಶನದ ದಿನ, ಬೆಳಿಗ್ಗೆ ಗೇಟಿನ ಹತ್ತಿರ ಅವರ ದನಿ. ಇಳಕಲ್ ಸೀರೆ ಉಟ್ಟು, ನಾಣ್ಯದ ಪೆಟ್ಟಿಗೆ ಹಿಡಿದು ನಿಂತಿದ್ದರು. "ಪೆನ್ ತಗೊಂಡು ಬಾ. ನಿನ್ನ ಅಕ್ಷರ ದುಂಡಗಿದೆ. ಒಂದು ಚೀಟಿ ಬರೀಬೇಕು."

ಅವರು ಹೇಳುತ್ತಾ ಹೋದರು, ನಾನು ಬರೆದೆ. 'ಇದು ನಕಲಿ ನಾಣ್ಯ. ಹನ್ನೊಂದು ವರ್ಷ ನಾನು ಇದನ್ನು ಅಸಲಿ ಎಂದು ನಂಬಿದ್ದೆ, ನಿಮ್ಮನ್ನೂ ನಂಬಿಸಿದ್ದೆ. ಅಂಚಿನ ಗೆರೆಯನ್ನು ನೋಡಿ. ಎರಕ ಹೊಯ್ದದ್ದು. ಪತ್ತೆ ಮಾಡಿದವರು ನಮ್ಮ ಎದುರುಮನೆಯವರು.' ಕೆಳಗೆ ನನ್ನ ಹೆಸರು ಬರೆಯಲು ಹೇಳಿದರು. ಬೇಡ ಆಂಟಿ ಎಂದೆ. ಕೇಳಲಿಲ್ಲ. ನನ್ನನ್ನೂ ಜೊತೆಗೆ ಹೊರಡಿಸಿದರು.

ಪ್ರದರ್ಶನದಲ್ಲಿ ದೋಣಿ ನಾಣ್ಯ ಎಂದಿನಂತೆ ನಟ್ಟನಡುವೆಯೇ ಕೂತಿತು, ಪಕ್ಕದಲ್ಲಿ ಚೀಟಿ, ಒಂದು ಭೂತಗನ್ನಡಿ. ಮೊದಲು ಬಂದವರು ಓದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಹಿಂದಿನಿಂದ ನಕ್ಕದ್ದೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಅದನ್ನು ಮಾರಿದ್ದ ಹಿರಿಯರೇ ಬಂದರು.

"ಏನ್ ಮೇಡಂ ಇದು? ನಿಮ್ಮ ಹೆಸರೇ ಅಲ್ವಾ ಕೆಡೋದು? ತೆಗೆದ್ಬಿಡಿ, ಬೇರೆ ಕೊಡ್ತೀನಿ."

"ಸುಳ್ಳು ಅಂತ ಗೊತ್ತಾದ್ಮೇಲೂ ಇಟ್ಕೊಂಡ್ರೆ ಕೆಡತ್ತೆ ಸಾರ್" ಅಂದರು ಆಂಟಿ. "ಅಲ್ಲಿ ನಿಮ್ಮ ಹೆಸರು ನಾನು ಬರೆಸಿಲ್ಲ. ನಿಮಗೂ ಗೊತ್ತಿರ್ಲಿಲ್ಲ ಅಂತ್ಲೇ ಅಂದ್ಕೊಂಡಿದೀನಿ."

ಆ ಹಿರಿಯರು ಹೊರಟುಹೋದರು. ಆಂಟಿಯ ಬೆರಳು ಮೇಜಿನ ಬಟ್ಟೆಯನ್ನು ಹಿಡಿದುಕೊಂಡಿದ್ದನ್ನು ನಾನೊಬ್ಬಳೇ ನೋಡಿದೆ.

ಆಮೇಲೆ ಕೆಂಗೇರಿಯಿಂದ ಬಂದಿದ್ದ ವಯಸ್ಸಾದವರೊಬ್ಬರು ಚೀಟಿಯನ್ನು ಎರಡು ಸಲ ಓದಿದರು. ಜೇಬಿನಿಂದ ಸಣ್ಣ ಡಬ್ಬಿ ತೆಗೆದು ಮೆಲ್ಲಗೆ, "ನಂದೂ ಒಂದು ನೋಡ್ತೀರಾ ಮೇಡಂ?" ಎಂದರು. ಅವರ ಹಿಂದೆ ಇನ್ನೊಬ್ಬರು. ಮಧ್ಯಾಹ್ನದ ಹೊತ್ತಿಗೆ ನಮ್ಮ ಮೇಜಿನ ಮುಂದೆ ಸಾಲು. ಆಂಟಿ ನಾಣ್ಯದ ಮುಖಗಳನ್ನು ನೋಡಿದರು, ನಾನು ಅಂಚುಗಳನ್ನು ನೋಡಿದೆ. ಕೆಲವು ನಕಲಿಯೇ ಆಗಿದ್ದವು. ಒಬ್ಬರು ಸಿಟ್ಟು ಮಾಡಿಕೊಂಡು ಹೋದರು. ಕೆಂಗೇರಿಯವರದು ಅಸಲಿ. ಅವರು ಕೈ ಮುಗಿದರು, ಆಂಟಿ ಕನ್ನಡಕ ತೆಗೆದು ಒರೆಸಿಕೊಂಡರು. ಶಾಲೆಯಲ್ಲಿ ನನಗೆ ಬಹುಮಾನ ಬಂದಾಗಲೂ, ನನ್ನ ಮಗಳು ಹುಟ್ಟಿದಾಗಲೂ ಹೆಮ್ಮೆಪಟ್ಟಿದ್ದೇನೆ. ಆದರೆ ಅವರ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಆ ಮಧ್ಯಾಹ್ನದ ಹೆಮ್ಮೆಯೇ ಬೇರೆ.

ವಾಪಸ್ ಬರುವಾಗ ಆಟೋದಲ್ಲಿ ಹೇಳಿದರು, "ಬೇಜಾರಾಗ್ಲಿಲ್ಲ ಅಂದ್ರೆ ಸುಳ್ಳು ಕಣಮ್ಮ. ಆ ಹಡಗು ನಂಗೆ ತುಂಬಾ ಇಷ್ಟ ಇತ್ತು." ನಾನು ಅವರ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

ಆಮೇಲಿನ ವರ್ಷಗಳಲ್ಲಿ ಅವರಿಗೆ ಗೊತ್ತಿದ್ದದ್ದನ್ನೆಲ್ಲ ನನಗೆ ಕಲಿಸಿದರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದ ಮೇಲೆ ಹೆಬ್ಬೆರಳಿನಿಂದ ಸವರಿಯೇ ಕುದುರೆ ಯಾವುದು, ಸೈನಿಕ ಯಾವುದು ಎಂದು ಹೇಳುತ್ತಿದ್ದರು. ಕೊನೆಗೆ ಮಗಳ ಮನೆಗೆ ಹೋದರು... ಅಲ್ಲೇ ತೀರಿಕೊಂಡರು. ಅವರ ಇಚ್ಛೆಯಂತೆ ನಾಣ್ಯಗಳನ್ನೆಲ್ಲ ಮಗಳು ಒಂದು ಕಾಲೇಜಿನ ಇತಿಹಾಸ ವಿಭಾಗಕ್ಕೆ ಕೊಟ್ಟಳು, ಮಕ್ಕಳು ಮುಟ್ಟಿ ನೋಡಬೇಕು ಎಂಬ ಒಂದೇ ಷರತ್ತಿನ ಮೇಲೆ.

ಈಗ ಸಂಘದ ಪ್ರದರ್ಶನದಲ್ಲಿ ಪರೀಕ್ಷೆಯ ಮೇಜಿಗೆ ನನ್ನನ್ನೇ ಕೂರಿಸುತ್ತಾರೆ. ಮೇಡಂ ಎನ್ನುತ್ತಾರೆ. ಈ ವರ್ಷ ಮಲ್ಲತ್ತಹಳ್ಳಿಯಿಂದ ಒಬ್ಬ ಹೆಂಗಸು ತೀರಾ ಸವೆದ ನಾಣ್ಯವೊಂದನ್ನು ತಂದಿದ್ದರು. ಅಂಚು ಸರಿಯಾಗಿತ್ತು, ಆದರೆ ಮುಖ ಎಷ್ಟು ತಿರುಗಿಸಿದರೂ ನನಗೆ ಕಾಣಲಿಲ್ಲ. ಅವರು ಕಾಯುತ್ತಾ ನಿಂತಿದ್ದರು. ಒಂದು ವಾರ ಬಿಟ್ಟು ಬನ್ನಿ, ಕೇಳಿ ಹೇಳ್ತೀನಿ ಎನ್ನಲು ಬಾಯಿ ತೆರೆದೆ. ಕೇಳಲು ಯಾರೂ ಇಲ್ಲ ಎಂಬುದು ಆಮೇಲೆ ಹೊಳೆಯಿತು.

"ನಂಗೆ ಗೊತ್ತಾಗ್ತಿಲ್ಲಮ್ಮ" ಎಂದು ಹೇಳಿ ನಾಣ್ಯವನ್ನು ಅವರ ಕೈಗೆ ಕೊಟ್ಟೆ.