ಗಾಮಾ ಸ್ಫೋಟದ ನೋಟ್ಸು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹರಿಹರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. ಮನೆ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ, ದಿನಾ ಬಸ್ಸು. ಪಾಠ ಅಂದರೆ ನಮ್ಮಲ್ಲಿ ನೋಟ್ಸು. ನಾನು ಹೇಳಬೇಕು, ಅವರು ಬರೆದುಕೊಳ್ಳಬೇಕು, ಪರೀಕ್ಷೆಯಲ್ಲಿ ಅದನ್ನೇ ನನಗೆ ವಾಪಸ್ ಒಪ್ಪಿಸಬೇಕು. ಒಂದು ಪದವೂ ಆಚೀಚೆ ಆಗದಂತೆ ಬರೆದವರಿಗೆ ಪೂರ್ತಿ ಅಂಕ. ಇದರಲ್ಲಿ ತಪ್ಪೇನೂ ನನಗೆ ಕಂಡಿರಲಿಲ್ಲ. ನಾನೂ ಹಾಗೇ ಪಾಸಾದವನು.

ಆ ನೋಟ್ಸಿನಲ್ಲಿ ಗಾಮಾ ಕಿರಣ ಸ್ಫೋಟಗಳದ್ದು ಅರ್ಧ ಪುಟ. ಆಕಾಶದಲ್ಲಿ ಎಲ್ಲೋ ಒಂದು ಕಡೆ ಗಾಮಾ ಕಿರಣ ಇದ್ದಕ್ಕಿದ್ದಂತೆ ಭಗ್ಗೆಂದು ಹೊಮ್ಮಿ, ಕೆಲವೇ ಸೆಕೆಂಡುಗಳಲ್ಲಿ ಆರಿಹೋಗುತ್ತದೆ. ಭೂಮಿಯ ಗಾಳಿ ಅದನ್ನು ತಡೆಯುವುದರಿಂದ ಉಪಗ್ರಹಗಳಿಗೆ ಮಾತ್ರ ಗೊತ್ತಾಗುತ್ತದೆ. ಮೂಲ: ನಮ್ಮದೇ ಆಕಾಶಗಂಗೆಯ ನ್ಯೂಟ್ರಾನ್ ನಕ್ಷತ್ರಗಳು. ಇಷ್ಟು ಬರೆಸಿ ನಾನು ಪುಟ ತಿರುವುತ್ತಿದ್ದೆ.

ಕಡರನಾಯಕನಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ಮಾತ್ರ ಕೈ ಎತ್ತಿದಳು. “ಸರ್, ಆಕಾಶಗಂಗೆ ತಟ್ಟೆಯಂಗೆ ಚಪ್ಪಟೆ ಐತೆ ಅಂತೀರಿ. ಅಲ್ಲಿಂದ್ಲೇ ಬಂದ್ರೆ ಒಂದು ಪಟ್ಟಿಯಾಗೇ ಕಾಣ್ಬೇಕಲ್ರಿ? ಎಲ್ಲಾ ಕಡಿಯಿಂದ ಬರ್ತಾವಂತೆ, ಯಾಕ್ರಿ?”

ದಾವಣಗೆರೆಯ ಲೈಬ್ರರಿಯಲ್ಲಿ ಯಾವುದೋ ಪತ್ರಿಕೆ ಓದಿದ್ದಳಂತೆ. ನನಗೆ ಉತ್ತರ ಗೊತ್ತಿರಲಿಲ್ಲ. ಮೊದಲೇ ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಗೊತ್ತಿಲ್ಲದಾಗಲಂತೂ ಕೇಳುವುದೇ ಬೇಡ. ಗದರಿ ಅವಳನ್ನು ಕೂಡಿಸಿಬಿಟ್ಟೆ. ಆಮೇಲೆ ಕಿರುಪರೀಕ್ಷೆಯಲ್ಲಿ ಅವಳು “ಎಲ್ಲಿಂದ ಎಂಬುದು ಇನ್ನೂ ತೀರ್ಮಾನವಾಗಿಲ್ಲ” ಎಂದು ಬರೆದಳು. ಸೊನ್ನೆ ಸುತ್ತಿ, ಕ್ಲಾಸಿಗೆಲ್ಲ ಓದಿ ಹೇಳಿದೆ: “ತೀರ್ಮಾನ ಆಗೋತನಕ ಪಾಸಾಗೋದು ಬ್ಯಾಡೇನಮ್ಮ?” ಎಲ್ಲರೂ ನಕ್ಕರು. ಅವತ್ತಿನಿಂದ ಅವಳು ಕೈ ಎತ್ತಲಿಲ್ಲ. ಮೊದಮೊದಲು ನನಗೆ ನಿರಾಳವೇ ಆಯಿತು.

ಕೆಲವು ತಿಂಗಳ ನಂತರ ಅದೇ ಲೈಬ್ರರಿಯಲ್ಲಿ ಒಂದು ವಿಜ್ಞಾನ ಪತ್ರಿಕೆಯನ್ನು ನಿಂತೇ ಓದಿದೆ. ಸ್ಫೋಟ ಆರಿದ ಜಾಗದಲ್ಲಿ ಮಿಣುಕು ಬೆಳಕೊಂದು ಉಳಿದಿತ್ತಂತೆ. ದೂರದರ್ಶಕ ತಿರುಗಿಸಿ ದೂರ ಅಳೆದರೆ ನೂರಾರು ಕೋಟಿ ಜ್ಯೋತಿರ್ವರ್ಷ! ನಮ್ಮ ಆಕಾಶಗಂಗೆಗೂ ಅದಕ್ಕೂ ಸಂಬಂಧವೇ ಇಲ್ಲ. ಹಾಗಾದರೆ ಅಲ್ಲಿಂದ ಇಲ್ಲಿಗೆ ಕಾಣುವಷ್ಟು ಶಕ್ತಿ ಬಂದದ್ದಾದರೂ ಎಲ್ಲಿಂದ? ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದವು ಎಂದು ಒಬ್ಬರು. ಭಾರೀ ನಕ್ಷತ್ರವೊಂದು ತನ್ನೊಳಗೇ ಕುಸಿಯಿತು ಎಂದು ಇನ್ನೊಬ್ಬರು. ಕಿರಣವೆಲ್ಲ ಸಣ್ಣ ಧಾರೆಯಾಗಿ ನಮ್ಮ ಕಡೆಗೇ ಬರುತ್ತದೆ, ಲೆಕ್ಕ ಹಾಕಿದಷ್ಟು ಶಕ್ತಿಯೇ ಬೇಕಿಲ್ಲ ಎಂದು ಮತ್ತೊಬ್ಬರು. ಓದುವಾಗ ಮೂರೂ ಸರಿ, ಪತ್ರಿಕೆ ಮುಚ್ಚಿದರೆ ಮೂರೂ ತಪ್ಪು. ತಲೆ ಗಿರ್ ಎಂದಿತು. ಮರುದಿನ ಬಸ್ಸು ಹರಿಹರ ತಲುಪಿದ್ದೂ ತಿಳಿಯದೆ ಕೂತಿದ್ದವನನ್ನು ಕಂಡಕ್ಟರ್ ಬೈದು ಇಳಿಸಿದ. ಅಷ್ಟು ಗೊಂದಲದಲ್ಲೂ ಒಂದು ಮಾತ್ರ ಸ್ಪಷ್ಟವಿತ್ತು: ಆ ಹುಡುಗಿ ಮತ್ತೆ ಪ್ರಶ್ನೆ ಕೇಳುವಂತಾಗಬೇಕು.

ಕ್ಲಾಸಿನಲ್ಲಿ ಹೇಳಿಬಿಟ್ಟೆ. ನನ್ನ ನೋಟ್ಸು ತಪ್ಪು, ಹೊಡೆದುಹಾಕಿರಿ. ಅವಳು ಬರೆದದ್ದೇ ಸರಿಯಿತ್ತು, ನಾನು ನಗಿಸಿದ್ದು ನನ್ನ ತಪ್ಪು. ಹಿಂದಿನ ಬೆಂಚಿನಿಂದ ಒಬ್ಬ ಎದ್ದ: “ಹಂಗಾದ್ರೆ ಪರೀಕ್ಷೆಗೆ ಯಾವ್ದು ಬರೀಬೇಕ್ರಿ ಸರ್?”

“ಭಾಳ ದೂರದಿಂದ ಬರ್ತಾವೆ ಅನ್ನೋದು ಖರೆ. ಹೆಂಗೆ ಹುಟ್ತಾವೆ ಅನ್ನೋದು ನನಗೂ ಗೊತ್ತಿಲ್ಲಪ್ಪ.”

ಎಲ್ಲರೂ ತಲೆ ತಗ್ಗಿಸಿ ಬರೆಯತೊಡಗಿದರು. ಬೆಂಚುಗಳ ನಡುವೆ ನಡೆದು ನೋಡಿದೆ. ‘ನನಗೂ ಗೊತ್ತಿಲ್ಲಪ್ಪ’ ಎಂದೇ ಬರೆದುಕೊಂಡಿದ್ದರು! ಅವಳೂ ಬರೆದುಕೊಂಡು, ಸ್ಕೇಲು ಹಿಡಿದು ಕೆಳಗೆ ಗೆರೆ ಎಳೆಯುತ್ತಿದ್ದಳು.

ಗಂಟೆ ಹೊಡೆದ ಮೇಲೆ ಅವಳನ್ನು ನಿಲ್ಲಿಸಿ ಕೇಳಿದೆ. “ಏನರ ಕೇಳೋದೈತೇನಮ್ಮ? ಏನು ಬೇಕಾದ್ರೂ ಕೇಳು, ಸಿಟ್ಟು ಮಾಡಲ್ಲ.” ನನ್ನ ದನಿ ಅಂಗಲಾಚುವಂತಿತ್ತು, ನಾಚಿಕೆಯಾಯಿತು.

ಅವಳು ನೋಟ್ಸು ನನ್ನ ಮುಂದೆ ಹಿಡಿದು, ಗೆರೆ ಎಳೆದ ಸಾಲು ತೋರಿಸಿದಳು.

“ಇಷ್ಟು ಬರದ್ರೆ ಸಾಕಲ್ರಿ ಸರ್?”